ಪಂಪಿನದೇ ತಪ್ಪು

ಮಾರ್ಚ್ ೩, ಸೋಮವಾರ

ಕೋಪ ಬಂದಾಗ ಬಾಯಿ ತೆರೆಯಬೇಡಿ, ಪೆನ್ನು ತೆರೆಯಿರಿ ಎಂದು ಬಿ.ಪಿ. ನೋಡುವ ಡಾಕ್ಟರು ಹೇಳಿದ್ದಾರೆ. ನಾನು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿನಲ್ಲಿ. ಆಮೇಲೆ ಬರೆದದ್ದೆಂದರೆ ಡಬ್ಬಿಗಳ ಮೇಲೆ ‘ಗಟ್ಟಿ’, ‘ಮೆತ್ತಗೆ’, ‘ಮುಟ್ಟಿದರೆ ಕೈ ಮುರಿಯುತ್ತೇನೆ’, ಇಷ್ಟೇ. ಈಗ ಈ ವಯಸ್ಸಿನಲ್ಲಿ ಕಾಪಿ ಬರೆಯುವ ಕರ್ಮ.

ಇವತ್ತು ಗಡಿಬಿಡಿ ಬಂದಿದ್ದ. ಪಕ್ಕದ ಬೀದಿಯಲ್ಲಿ ಗ್ಯಾರೇಜು ಇಟ್ಟುಕೊಂಡು ಒಂದು ಗಾಡಿಯ ಎಂಜಿನ್ ಕಿತ್ತು ಇನ್ನೊಂದಕ್ಕೆ ಕೂರಿಸುವುದು ಅವನ ಕಸುಬು. ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು. ಬೆಂಕಿಪೊಟ್ಟಣದಂಥ ಹಳೆಯ ಕಾರೊಂದನ್ನು ವರ್ಷಗಟ್ಟಲೆ ಉಜ್ಜಿ ತಿಕ್ಕಿ ಇಟ್ಟುಕೊಂಡಿದ್ದ. ಅದಕ್ಕೀಗ ದೊಡ್ಡ ವ್ಯಾನಿನ ಆರು ಸಿಲಿಂಡರಿನ ಎಂಜಿನ್ ಇಳಿಸಿದ್ದಾನೆ. ಇಲಿಯ ಮೈಗೆ ಎಮ್ಮೆಯ ಎದೆ.

ಎಂಜಿನ್ನನ್ನು ಕಾರಿನ ಮೈಗೆ ನೇರವಾಗಿ ಬಿಗಿಯುವಂತಿಲ್ಲ. ನಡುವೆ ಮೌಂಟು ಬೇಕು. ಉಕ್ಕಿನ ಎರಡು ತಟ್ಟೆ, ಅವುಗಳ ಮಧ್ಯೆ ಮುಷ್ಟಿಗಾತ್ರದ ಒಂದು ಮುದ್ದೆ. ಎಂಜಿನ್ನಿನ ಭಾರ ಹೊರುವುದೂ ಅದರ ನಡುಕ ನುಂಗುವುದೂ ಆ ಮುದ್ದೆಯ ಕೆಲಸ. ಮೊದಲು ರಬ್ಬರಿನಲ್ಲಿ ಮಾಡುತ್ತಿದ್ದೆವು, ಈಗ ಪಾಲಿಯುರೆಥೇನ್. ಶೆಡ್ಡಿನಲ್ಲಿ ಪಿಯು ಎನ್ನುತ್ತೇವೆ. ಅದು ಮೆತ್ತಗಾದರೆ ಎಂಜಿನ್ ಕುಣಿದು ಬಾನೆಟ್ಟಿಗೆ ಗುದ್ದುತ್ತದೆ. ಗಟ್ಟಿಯಾದರೆ ನಡುಕವೆಲ್ಲ ಕಾರಿಗೆ ಇಳಿದು ಬೆಸುಗೆ ಬಿಡುತ್ತದೆ. ಹರಿದೇಹೋದರೆ ಎಂಜಿನ್ ಸ್ಟಿಯರಿಂಗ್ ರಾಡಿನ ಮೇಲೆ ಕೂರುತ್ತದೆ. ಅಲ್ಲಿಗೆ ಮುಗಿಯಿತು.

"ಯಾವ ಮಾಲು ಹಾಕ್ತೀರ ಅಕ್ಕ?" ಎಂದ.

"ನೀನು ಕಾರಲ್ಲಿ ಕೂತ್ಕೋಬೇಕೋ, ಕಾರು ನಿನ್ನ ಮೇಲೆ ಕೂತ್ಕೋಬೇಕೋ?"

"ಅಯ್ಯೋ, ನಾನೇ ಕೂತ್ಕೋತೀನಿ."

"ಹಾಗಾದ್ರೆ ಬಾಯಿ ಮುಚ್ಕೊಂಡು ಅಳತೆ ಕೊಟ್ಟು ಹೋಗು."

ಪಿಯುವಿನಲ್ಲಿ ಎರಡು ಜಾತಿ. ಒಂದು ಎಣ್ಣೆ ತಡೆಯುತ್ತದೆ, ಬಿಸಿನೀರು ಬಿದ್ದರೆ ಕಾಲಕ್ರಮೇಣ ಪುಡಿಯಾಗುತ್ತದೆ. ಇನ್ನೊಂದು ನೀರು ತಡೆಯುತ್ತದೆ, ಎಣ್ಣೆಯಲ್ಲಿ ನೆಂದರೆ ಊದಿಕೊಳ್ಳುತ್ತದೆ. ಅವನ ಎಂಜಿನ್ ಕೆಳಗೆ ಎಣ್ಣೆ ತೊಟ್ಟಿಕ್ಕಿದ ಕಲೆ ನೋಡಿದ್ದೇನೆ. ಎಣ್ಣೆ ತಡೆಯುವುದೇ ಹಾಕು ಎಂದೆ. ನೀರಿನದು ಹಾಕೋಣ ಎಂದ ತಮ್ಮ. ನಾನು ತಿರುಗಿ ನೋಡಿದೆ. ನಾನು ಹೇಳಿದ ಡಬ್ಬಿಯನ್ನೇ ಇಳಿಸಿಕೊಂಡ.

ನಮ್ಮ ಶೆಡ್ಡಿನಲ್ಲಿ ಅಚ್ಚಿಗೆ ಹೊಯ್ಯುವವನು ತಮ್ಮ. ಅಳೆದು ಬೆರೆಸುವವಳು ಅವನ ಹೆಂಡತಿ. ಆರಿಸುವವಳು ನಾನು. ಗಟ್ಟಿ ಡಬ್ಬಿಯದನ್ನೂ ಮೆತ್ತನೆಯ ಡಬ್ಬಿಯದನ್ನೂ ಹೆಚ್ಚುಕಮ್ಮಿ ಬೆರೆಸಿ ಬಿಸ್ಕತ್ತಿನಷ್ಟು ಅಗಲದ ಬಿಲ್ಲೆಗಳನ್ನು ಹೊಯ್ಯುತ್ತಾರೆ. ನಾನು ಹೆಬ್ಬೆರಳು ಒತ್ತಿ ನೋಡಿ ‘ಇದು’ ಎನ್ನುತ್ತೇನೆ. ಅಪ್ಪ ಹಾಗೇ ಕಲಿಸಿದ್ದು. ಸೂಜಿ ಒತ್ತಿ ಎಷ್ಟು ಗಟ್ಟಿ ಎಂದು ನಂಬರು ತೋರಿಸುವ ಮೀಟರೂ ಒಂದಿದೆ, ಡ್ರಾಯರಿನಲ್ಲಿ ಬಿದ್ದಿದೆ. ಮದುವೆ ಗಿದುವೆ ಮಾಡಿಕೊಳ್ಳಲು ನನಗೆ ಪುರುಸೊತ್ತಾಗಲಿಲ್ಲ. ಈ ‘ಇದು’ ಅನ್ನುವ ಮಾತೊಂದೇ ನನ್ನ ಆಸ್ತಿ. ಅದೂ ಹೋದರೆ ಬಾಗಿಲ ಬಳಿ ಕೂತು ಟೀ ಕುಡಿಯುವ ಮುದುಕಿ, ಅಷ್ಟೇ.

ಮಾರ್ಚ್ ೫, ಬುಧವಾರ

ಬಿಲ್ಲೆಗಳು ಓವನ್ನಿನಿಂದ ಬಂದವು. ಸಾಲಾಗಿ ಇಟ್ಟರು. ಒತ್ತಿದೆ. ಮೂರನೆಯದು ಎಂದೆ. ಮೀಟರಿನವರ ಭಾಷೆಯಲ್ಲಿ ಎಪ್ಪತ್ತೈದು ಇರಬೇಕು. ಇಂಥ ಎಂಜಿನ್ನಿಗೆ ಅಷ್ಟೇ ಬೇಕಾದದ್ದು.

"ಆಯ್ತಕ್ಕ" ಎಂದ ತಮ್ಮ.

ಇವನು ಚಿಕ್ಕಂದಿನಿಂದ ಯಾವುದಕ್ಕೂ ಆಯ್ತು ಎಂದವನಲ್ಲ. ಹಾಲು ಬಿಳಿ ಎಂದರೆ ಸ್ವಲ್ಪ ಹಳದಿ ಅಂತ ವಾದಿಸುವವನು. ಈಚೆಗೆ ಎಲ್ಲದಕ್ಕೂ ಆಯ್ತು. ತಲೆ ನೆರೆತ ಮೇಲಾದರೂ ಬುದ್ಧಿ ಬಂತಲ್ಲ ಎಂದುಕೊಂಡೆ.

ಮಧ್ಯಾಹ್ನ ಹೊಯ್ದರು. ಡಬ್ಬಿಯ ಮಾಲನ್ನು ಜೇನಿನಷ್ಟು ತೆಳುವಾಗುವ ತನಕ ಕಾಯಿಸಿ, ಗಾಜಿನ ಮುಚ್ಚಳದ ಪಾತ್ರೆಯಲ್ಲಿಟ್ಟು, ಪಂಪಿನಿಂದ ಗಾಳಿ ಎಳೆಯುತ್ತಾನೆ. ನೊರೆ ಹಾಲಿನ ಹಾಗೆ ಉಕ್ಕಿ ಬರುತ್ತದೆ. ಒಳಗಿನ ಗಾಳಿಯೆಲ್ಲ ಹೋದ ಮೇಲೆ ಧಪ್ಪನೆ ಇಳಿಯುತ್ತದೆ. ಇಳಿದ ಮೇಲೇ ಗಟ್ಟಿಯಾಗಿಸುವ ಪುಡಿ ಕರಗಿಸಿ ಬೆರೆಸಿ ಹೊಯ್ಯಬೇಕು. ಮೂರು ಮೌಂಟೂ ಓವನ್ನಿಗೆ ಹೋದವು. ನಾನು ಮನೆಗೆ ಬಂದೆ. ಕೋಪ ಬರಲಿಲ್ಲ. ಡಾಕ್ಟರಿಗೆ ಹೇಳಬೇಕು.

ಮಾರ್ಚ್ ೯, ಭಾನುವಾರ

ಪೆನ್ನು ಕಾಗದ ಹರಿಯುತ್ತಿದೆ. ಹರಿಯಲಿ.

ನನ್ನ ಛತ್ರಿ ಶೆಡ್ಡಿನಲ್ಲಿ ಉಳಿದಿತ್ತು. ತರಲು ಹೋದೆ. ರಜೆಯ ದಿನ, ಮುಂಬಾಗಿಲು ಹಾಕಿದೆ, ಒಳಗಿನಿಂದ ಓವನ್ನಿನ ಗುಂಯ್ ಸದ್ದು. ಕಳ್ಳ ಹೊಕ್ಕಿದ್ದಾನೆ ಎಂದು ಪಕ್ಕದ ಬಾಗಿಲಿನ ಕೀಲಿ ತೆಗೆದು ಒಳಗೆ ಹೋದೆ. ಕಳ್ಳನಾಗಿದ್ದರೆ ಚೆನ್ನಾಗಿತ್ತು.

ತಮ್ಮ ಅಚ್ಚು ಬಿಚ್ಚುತ್ತಿದ್ದ. ಅವನ ಹೆಂಡತಿ ಮೀಟರು ಹಿಡಿದು ನಿಂತಿದ್ದಳು. ಮೇಜಿನ ಮೇಲೆ ಹೊಸದಾಗಿ ಹೊಯ್ದ ಮೌಂಟುಗಳು. ಗುಜರಿ ಡ್ರಮ್ಮಿನ ಬಾಯಲ್ಲಿ, ಎಲ್ಲಕ್ಕಿಂತ ಮೇಲೆ, ನಾನು ಆರಿಸಿದ ಮೂರೂ ಬಿದ್ದಿದ್ದವು. ತಟ್ಟೆ ಕಿತ್ತುಕೊಂಡು ಮುದ್ದೆ ಎಸೆದಿದ್ದರು.

"ಏನಿದು?"

"ಅಕ್ಕ..." ಎಂದ ತಮ್ಮ. "ಊಟ ಆಯ್ತಾ?"

"ಊಟದ ಮನೆ ಹಾಳಾಗ್ಲಿ! ಏನಿದು ಅಂದೆ."

ಅವನು ಹೆಂಡತಿಯ ಮುಖ ನೋಡಿದ. ಅವಳು ಮೀಟರನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಹೇಳಿದಳು: "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ನೀವು ಎಪ್ಪತ್ತೈದು ಅಂದಿದ್ದು ತೊಂಬತ್ತೈದು ಬರ್ತಿದೆ. ಬಂಡೆ ಅದು. ಅದನ್ನ ಹಾಕಿದ್ರೆ ಆ ಪುಟ್ಟ ಕಾರು ಉದುರಿಹೋಗುತ್ತೆ."

"ಇದೊಂದು ಸಲವಾ?"

ತಮ್ಮ ಬಿಚ್ಚಿದ ಅಚ್ಚನ್ನು ಮತ್ತೆ ಮುಚ್ಚತೊಡಗಿದ.

"ಯಾವಾಗಿಂದ ಹೀಗೆ?"

"ಹೋದ ವರ್ಷ ನೀವು ಆರಿಸಿದ ಮೌಂಟಿಗೆ ಟ್ಯಾಕ್ಸಿಯೋರ ಬ್ರಾಕೆಟ್ ಕಿತ್ತು ಬಂತಲ್ಲ ಅತ್ತಿಗೆ, ಆವಾಗಿಂದ."

ಟ್ಯಾಕ್ಸಿಯವನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಅದನ್ನು ಅವನ ಮುಖಕ್ಕೇ ಹೇಳಿ ಕಳಿಸಿದ್ದೆ. ಅಂದಿನಿಂದ ಇವತ್ತಿನವರೆಗೆ ನಾನು ಒತ್ತಿ ‘ಇದು’ ಎಂದದ್ದು ಒಂದೂ ಈ ಶೆಡ್ಡಿನ ಹೊಸ್ತಿಲು ದಾಟಿಲ್ಲ. ನನ್ನೆದುರು ಆಯ್ತಕ್ಕ, ನನ್ನ ಬೆನ್ನ ಹಿಂದೆ ಡ್ರಮ್ಮು.

ನಾನು ಎತ್ತಿ ಆಡಿಸಿದ ತಮ್ಮ. ಅವನ ಸೊಂಟ ಹಿಡಿದು ಸೈಕಲ್ ಕಲಿಸಿದವಳು ನಾನು.

ಛತ್ರಿ ಅಲ್ಲೇ ಉಳಿಯಿತು.

ಮಾರ್ಚ್ ೧೦, ಸೋಮವಾರ

ಇನ್ನೂ ಇದೆ. ಬರೀ ಇವರಿಬ್ಬರೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ.

ಗಡಿಬಿಡಿಯ ಗ್ಯಾರೇಜಿಗೆ ಹೋಗಿ, "ನಿನಗೆ ಬರೋ ಮೌಂಟು ನಾನು ಆರಿಸಿದ್ದಲ್ಲ, ತಿಳ್ಕೋ" ಎಂದೆ. ಅವನು ನೆಲ ನೋಡಿದ. ನೋಡಿದ ರೀತಿಯಲ್ಲೇ ತಿಳಿಯಿತು.

"ನಿನಗೂ ಗೊತ್ತಿತ್ತಾ?"

"ಅಕ್ಕ, ಅದು... ನೀವು ಹೊರಟ ಮೇಲೆ ನಿಮ್ಮ ತಮ್ಮ ಫೋನ್ ಮಾಡ್ತಾರೆ. ಎಲ್ಲರಿಗೂ ಮಾಡ್ತಾರೆ. ಎರಡು ದಿನ ತಡವಾಗಿ ಬಂದು ತಗೊಂಡು ಹೋಗಿ ಅಂತ."

"ಎಲ್ಲರಿಗೂ ಅಂದ್ರೆ?"

"ಎಲ್ಲರಿಗೂ" ಎಂದು ಕಾರಿನ ಅಡಿಗೆ ತೂರಿಕೊಂಡ. ಕಾಲು ಹಿಡಿದು ಹೊರಗೆಳೆಯಬೇಕು ಅನ್ನಿಸಿತು. ಎಳೆದರೆ ಮಂಡಿ ನೋಯುತ್ತದೆ ಎಂದು ಬಿಟ್ಟೆ.

ಎದುರಿನ ಟೀ ಅಂಗಡಿಯವಳನ್ನು ಕೇಳಿದೆ. ಕಾರಿಗೆ ಎಷ್ಟು ಚಕ್ರ ಎಂದೂ ಅವಳಿಗೆ ತಿಳಿಯದು. ಆದರೆ ಇದು ತಿಳಿದಿದೆ! "ಹೋಗ್ಲಿ ಬಿಡಿ ದೊಡ್ಡಮ್ಮ, ನಿಮ್ಮ ಮೇಲಿನ ಮರ್ಯಾದೆಗೆ ಮಾಡಿದ್ದು" ಎಂದು ಟೀಗೆ ಸಕ್ಕರೆ ಹೆಚ್ಚು ಹಾಕಿದಳು. ಕುಡಿಯದೆ ಬಂದೆ.

ಮರ್ಯಾದೆಯಂತೆ. ಬೀದಿಯೆಲ್ಲ ಸೇರಿ ಒಬ್ಬಳಿಗೆ ಗೊಂಬೆಯಾಟ ಆಡಿಸಿದ್ದಾರೆ. ನಾನು ಠೀವಿಯಿಂದ ಬಿಲ್ಲೆ ಒತ್ತುವಾಗ ಇವರೆಲ್ಲ ಒಳಗೊಳಗೇ ಏನೆಂದುಕೊಳ್ಳುತ್ತಿದ್ದರು? ಮುದುಕಿ ಆಟ ಆಡುತ್ತಿದೆ, ಆಡಲಿ ಬಿಡಿ, ಎಂದು ತಾನೇ?

ಬೈದಿದ್ದರೆ ಚೆನ್ನಾಗಿತ್ತು. ಹೊಡೆದಿದ್ದರೂ ಚೆನ್ನಾಗಿತ್ತು.

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆಯೇ ಶೆಡ್ಡಿಗೆ ಹೋಗಿ, "ಐದು ಬಿಲ್ಲೆ ಇಡಿ. ಹಿಂದೆ ನಂಬರು ಬರೀರಿ. ನಾನು ಮೆತ್ತಗಿಂದ ಗಟ್ಟಿಗೆ ಜೋಡಿಸ್ತೀನಿ. ಒಂದು ತಪ್ಪಿದ್ರೂ ಈ ಶೆಡ್ಡಿಗೆ ಕಾಲಿಡಲ್ಲ" ಎಂದೆ.

"ಬೇಡ ಅಕ್ಕ" ಎಂದ ತಮ್ಮ.

"ಹೆದರಿಕೆನಾ?"

"ಹೂಂ" ಎಂದ. ನನ್ನ ಪರವಾಗಿ ಹೆದರುತ್ತಾನಂತೆ! ಅದಕ್ಕೇ ಇನ್ನಷ್ಟು ಉರಿಯಿತು.

ಅವನ ಹೆಂಡತಿ ಬಿಲ್ಲೆಗಳ ಹಿಂದೆ ಸೀಮೆಸುಣ್ಣದಲ್ಲಿ ಬರೆದು ಕಲೆಸಿ ಇಟ್ಟಳು. ಇವತ್ತಿನಿಂದ ಅವಳ ಹೆಸರು ಮೀಟರ್ ರಾಣಿ.

ಒಂದನೆಯದನ್ನು ಒತ್ತಿದೆ. ಎರಡನೆಯದನ್ನು ಒತ್ತಿದೆ. ಐದೂ ಒತ್ತಿದೆ. ಇದನ್ನು ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ. ಐದೂ ಒಂದೇ. ಗೋಡೆಯ ಆಚೆಯಿಂದ ಯಾರೋ ಮಾತಾಡಿದ ಹಾಗೆ. ಏನೋ ಇದೆ, ಏನೆಂದು ತಿಳಿಯುವುದಿಲ್ಲ. ಆದರೂ ಠಕಠಕ ಜೋಡಿಸಿಟ್ಟೆ.

ಮೀಟರ್ ರಾಣಿ ಒಂದೊಂದೇ ತಿರುಗಿಸಿದಳು. ತೊಂಬತ್ತು, ಎಪ್ಪತ್ತು, ತೊಂಬತ್ತೈದು, ಎಂಬತ್ತು, ಅರುವತ್ತು.

ತಮ್ಮ ಎದ್ದುಹೋಗಿ ಪಂಪಿಗೆ ಎಣ್ಣೆ ಬಿಡತೊಡಗಿದ. ಅದಕ್ಕೆ ಎಣ್ಣೆ ಬೇಕಾಗಿರಲಿಲ್ಲ.

ಮನೆಗೆ ಬಂದು ಹೆಬ್ಬೆರಳಿಗೆ ಸೂಜಿ ಚುಚ್ಚಿ ನೋಡಿದೆ. ರಕ್ತ ಬಂತು. ನೋವಾಗಲಿಲ್ಲ. ಸೂಜಿ ಮೊಂಡಾಗಿರಬೇಕು.

ಮಾರ್ಚ್ ೧೨, ಬುಧವಾರ

ಹೋಗಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಹೋಗಲಿಲ್ಲ. ಕಪಾಟು ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಮಾರ್ಚ್ ೧೭, ಸೋಮವಾರ

ತಮ್ಮ ಬಂದ. ಬಾಗಿಲು ತೆರೆಯಲಿಲ್ಲ. ಕಿಟಕಿಯಲ್ಲಿ ಮಾತಾಯಿತು. ಬಿಸಿಲಿಗೋ ಏನೋ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ.

"ಎಷ್ಟು ದಿನ ಅಕ್ಕ ಹೀಗೆ?"

"ನಾನು ಸತ್ತ ಮೇಲೆ ನೀನೇ ಎಣಿಸ್ಕೋ."

"ತಪ್ಪಾಯ್ತು ಅಂದ್ನಲ್ಲ."

"ಯಾವುದು ತಪ್ಪಾಯ್ತು? ಮಾಡಿದ್ದಾ, ಸಿಕ್ಕಿಬಿದ್ದಿದ್ದಾ?"

ಅವನಿಗೂ ಕೋಪ ಬಂತು. ಬರಲಿ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು. "ನಿನಗೆ ಹೇಳೋದು ಹೇಗೆ ಹೇಳು! ಹೇಳೋಕೆ ಬಂದೋರ ಮೇಲೆ ಸುತ್ತಿಗೆ ಎಸೀತೀಯ."

"ಒಂದು ಸಲ ಎಸೆದಿದ್ದು. ಅದೂ ಗೋಡೆಗೆ."

"ಗೋಡೆ ಮುಂದೆ ನಾನಿದ್ದೆ!"

"ಬಗ್ಗಿದ್ಯಲ್ಲ?"

ಅವನ ಬಾಯಿ ಓರೆಯಾಯಿತು, ನಗು ತಡೆಯುತ್ತಿದ್ದ. ನಾನು ನಗಲಿಲ್ಲ. ಕಿಟಕಿ ಹಾಕಿದೆ. ಆಮೇಲೆ ನೋಡಿದರೆ ಛತ್ರಿಯನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ ಹೋಗಿದ್ದ.

ಸುತ್ತಿಗೆಗೆ ಹೆದರಿದನಂತೆ. ಹೆದರಿದವನು ಓಡಿಹೋಗಬೇಕು, ಒಳಗೇ ಕೂತು ಕಣ್ಣಿಗೆ ಮಣ್ಣೆರಚಬಾರದು. ಪರಕೀಯರು ಮೋಸ ಮಾಡಿದರೆ ಜಗಳವಾಡಿ ಮುಗಿಸಬಹುದು. ಇದಕ್ಕೆ ಯಾರನ್ನು ಬೈಯಲಿ? ಬೈದರೂ ನಮ್ಮ ಅಮ್ಮನಿಗೇ ಹೋಗಿ ತಗಲುತ್ತದೆ.

ಮಾರ್ಚ್ ೨೪, ಸೋಮವಾರ

ಗಡಿಬಿಡಿ ನನ್ನ ಮನೆಗೇ ಬಂದ. ಚೀಲದಲ್ಲಿ ಒಂದು ಮೌಂಟು. ತಮ್ಮನೂ ಅವನ ಹೆಂಡತಿಯೂ ಹೊಯ್ದು ಕೊಟ್ಟ ಮೂರರಲ್ಲಿ ಒಂದು. ಮಧ್ಯೆ ಸೀಳಿ ಹೋಗಿದೆ.

"ಬೆಟ್ಟದ ರಸ್ತೆ ಹತ್ತಿಸಿದೆ ಅಕ್ಕ. ಮೂರನೇ ತಿರುವಿಗೆ ಧಡ್ ಅಂತು. ಎಂಜಿನ್ ಒಂದು ಕಡೆ ವಾಲಿ ರಾಡಿಗೆ ತಾಗ್ತು. ಪಕ್ಕದಲ್ಲಿ ಹೆಂಡತಿ ಇದ್ಲು. ಬ್ರೇಕ್ ಹಿಡಿದಿದ್ದಕ್ಕೆ ಬದುಕಿದ್ವಿ. ನಿಮ್ಮ ತಮ್ಮನಿಗೆ ಹೇಳೋಕೆ ಮನಸ್ಸು ಬರ್ಲಿಲ್ಲ."

"ಈ ಬೀದಿಯಲ್ಲಿ ಯಾರಿಗೂ ಯಾರ ಹತ್ತಿರವೂ ಏನೂ ಹೇಳೋಕೆ ಮನಸ್ಸು ಬರಲ್ಲ, ಅಲ್ವಾ?" ಎಂದೆ.

ಅವನು ಹೋದ ಮೇಲೆ ಗರಗಸದಿಂದ ಮುದ್ದೆಯನ್ನು ಕೊಯ್ದೆ. ಒಳಗೆಲ್ಲ ಗುಳ್ಳೆ. ಬ್ರೆಡ್ಡು ಕೊಯ್ದ ಹಾಗೆ ತೂತು ತೂತು. ಗಾಳಿ ಪೂರಾ ಎಳೆಯದೆ ಹೊಯ್ದಿದ್ದಾರೆ. ಇಂಥದ್ದು ಹೊರಲು ಕೂತರೆ ಹರಿಯದೆ ಇನ್ನೇನು!

ಎಷ್ಟೋ ದಿನದ ಮೇಲೆ ಹಸಿವಾಯಿತು. ಎರಡು ಸಲ ಬಡಿಸಿಕೊಂಡು ತಿಂದೆ. ನನ್ನ ಹೆಬ್ಬೆರಳಿನ ಲೆಕ್ಕ ತೆಗೆದವನ ಲೆಕ್ಕ ಈಗ ನನ್ನ ಕೈಯಲ್ಲಿದೆ. ನಾಳೆ ಹೋಗುತ್ತೇನೆ. ಬೀದಿಯ ಜನವನ್ನೆಲ್ಲ ಕರೆದು, ಮಧ್ಯೆ ನಿಂತು, ಇದನ್ನು ಅವನ ಮೂಗಿನ ಕೆಳಗೆ ಹಿಡಿಯುತ್ತೇನೆ. ಮೀಟರ್ ರಾಣಿಯೂ ನೋಡಲಿ, ಟೀಯವಳೂ ನೋಡಲಿ.

ಮಾರ್ಚ್ ೨೫, ಮಂಗಳವಾರ

ಹೋದೆ. ಕೊಯ್ದ ತುಂಡು ಚೀಲದಲ್ಲಿತ್ತು.

ಮೀಟರ್ ರಾಣಿ ಇರಲಿಲ್ಲ. ತಮ್ಮ ಒಬ್ಬನೇ, ಬೇರೆ ಯಾರದೋ ಗಾಡಿಯ ಬುಷ್ಷು ಎಂಬ ಪಿಯು ಬಳೆಗೆ ಮಾಲು ಇಟ್ಟು ಪಂಪು ಹಾಕಿದ್ದ. ಬಾಗಿಲಿಗೆ ಬೆನ್ನು. ನನ್ನನ್ನು ನೋಡಲಿಲ್ಲ. ಬೈಯಲು ಬಾಯಿ ತೆರೆದವಳು, ಅವನು ಮಾಡುತ್ತಿದ್ದುದನ್ನು ಕಂಡು ನಿಂತೆ.

ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ್ದ. ನೊರೆ ಇನ್ನೂ ಪಾತ್ರೆಯ ಕಂಠದ ತನಕ ಇತ್ತು, ಬಾಗಿಲಲ್ಲಿ ನಿಂತ ನನಗೆ ಕಾಣುತ್ತಿತ್ತು. ಅವನು ತಲೆ ಈ ಕಡೆ ವಾಲಿಸಿದ, ಆ ಕಡೆ ವಾಲಿಸಿದ. ಅಂಗಿಯ ತುದಿಯಿಂದ ಗಾಜು ಒರೆಸಿದ. ಗಾಜು ಚೆನ್ನಾಗೇ ಇತ್ತು. ಆಮೇಲೆ ಕಣ್ಣು ಒರೆಸಿಕೊಂಡ. ಮತ್ತೆ ನೋಡಿದ. ಕೊನೆಗೆ "ಇಳೀತು" ಎಂದು ತನಗೆ ತಾನೇ ಹೇಳಿಕೊಂಡು ಪಂಪಿನ ಗುಂಡಿಗೆ ಕೈ ಹಾಕಿದ.

ಇಳಿದಿರಲಿಲ್ಲ.

"ಪಂಪು ಆರಿಸಬೇಡ" ಎಂದೆ.

ಬೆಚ್ಚಿ ತಿರುಗಿದ. ಬೆಳಕಿನಲ್ಲಿ ಅವನ ಎಡಗಣ್ಣಿನ ಪಾಪೆಯ ಮೇಲೆ ಹಾಲಿನ ಹನಿಯಂಥದ್ದು ಕಂಡಿತು. ಬಲಗಣ್ಣಿನಲ್ಲೂ ಇತ್ತು, ಸ್ವಲ್ಪ ಕಡಿಮೆ. ಮಾತು ಬಿಟ್ಟ ದಿನಗಳಲ್ಲಿ ಬಂದದ್ದಲ್ಲ ಅದು. ದಿನಾ ಎದುರಿಗೇ ಕೂರುತ್ತಿದ್ದವನು. ನಾನೇನು ನೋಡುತ್ತಿದ್ದೆನೋ.

"ಅಕ್ಕ! ಬಂದ್ಯಾ!" ಎಂದ. ಮುಖ ಚಿಕ್ಕ ಹುಡುಗನ ಹಾಗೆ ಅರಳಿತು. "ಯಾಕೆ ಆರಿಸಬಾರದು? ನೊರೆ ಇಳೀತಲ್ಲ?"

ಚೀಲದಲ್ಲಿ ಕೈ ಹಾಕಿದ್ದೆ. ತುಂಡು ಬೆರಳಿಗೆ ಸಿಕ್ಕಿತ್ತು.

"ಪಂಪು ಯಾಕೋ ಮುಲುಕ್ತಾ ಇದೆ" ಎಂದೆ. "ಸದ್ದು ಕೇಳು. ಪೂರಾ ಎಳೀತಿಲ್ಲ. ಇನ್ನೂ ಸ್ವಲ್ಪ ಹೊತ್ತು ಬಿಡು."

"ಸರಿಯಾಗೇ ಇದೆಯಲ್ಲ ಸದ್ದು?"

"ನಿನಗೇನು ಗೊತ್ತು ಸದ್ದು? ಬಿಡು ಅಂದ್ರೆ ಬಿಡು."

"ಆಯ್ತಕ್ಕ."

ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತೆ. ನೊರೆ ಇಳಿದ ಮೇಲೆ "ಈಗ ಆರಿಸು, ಪಂಪಿಗೆ ಜೀವ ಬಂತು" ಎಂದೆ. ಬುಷ್ಷು ಚೆನ್ನಾಗಿ ಬಂತು.

ಇವತ್ತು ಬೈಯಲು ಆಗಲಿಲ್ಲ. ಜನ ಇರಲಿಲ್ಲ, ಅದಕ್ಕೆ. ಒಬ್ಬನಿಗೆ ಬೈದು ಏನು ಪ್ರಯೋಜನ?

ಮಾರ್ಚ್ ೨೬, ಬುಧವಾರ

ಬೀದಿಯಲ್ಲಿ ಜನ ಇದ್ದರು. ಬೈಯಲಿಲ್ಲ. ಬಿ.ಪಿ.

ಗಡಿಬಿಡಿಗೆ ಹೇಳಿದೆ: "ಮೌಂಟು ಹರಿದಿದ್ದು ಪಂಪಿನ ತಪ್ಪು. ವಾಷರ್ ಸವೆದಿತ್ತು. ನನ್ನ ತಮ್ಮನ ಕೈಯದು ಏನೂ ಇಲ್ಲ. ಬೀದಿಯಲ್ಲಿ ಬೇರೆ ಮಾತು ಕೇಳಿಬಂದ್ರೆ ನಿನ್ನ ಕಾರನ್ನ ತಗಡು ಮಾಡಿ ಮನೆಗೆ ಹೊದಿಸ್ತೀನಿ."

"ಪಂಪು" ಎಂದ ಗಡಿಬಿಡಿ, ತಲೆಯಾಡಿಸುತ್ತ. "ಪಂಪೇ ಅಕ್ಕ. ನಾನೂ ಅದೇ ಅಂದ್ಕೊಂಡೆ."

ಮೂರೂ ಹೊಸದಾಗಿ ಮಾಡಿ ಕೊಡಬೇಕು. ಕೂತು ಮಾಲಿನ ಮಾತಾಡಿದೆವು. ಏನೋ ತೋಚಿ ಕೇಳಿದೆ: "ಎಂಜಿನ್ ಹೇಗೆ ತೊಳೀತೀಯ?"

"ವಾರಕ್ಕೊಂದು ಸಲ ಬಿಸಿ ಹಬೆ ಹೊಡೀತೀನಿ. ಫಳಫಳ ಅನ್ನಬೇಕಲ್ಲ."

"ಎಣ್ಣೆ ತೊಟ್ಟಿಕ್ಕೋದು?"

"ಅದು ಆವತ್ತೇ ನಿಲ್ಲಿಸಿದ್ನಲ್ಲ. ಹೊಸ ಸೀಲ್ ಹಾಕಿದೆ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ವಾರವಾರ ಹಬೆ ಹೊಡೆಯುವವನಿಗೆ ಎಣ್ಣೆ ತಡೆಯುವ ಜಾತಿ ಹಾಕಿದರೆ ವರ್ಷದೊಳಗೆ ಪುಡಿ. ನೀರು ತಡೆಯುವುದೇ ಆಗಬೇಕು ಎಂದು ತಮ್ಮನಿಗೆ ಹೇಳಿದೆ. "ಅದನ್ನೇ ಅಲ್ವಾ ನಾನು..." ಎಂದು ಶುರುಮಾಡಿ ಅವನು ನುಂಗಿಕೊಂಡ. ನುಂಗಿಕೊಳ್ಳಲಿ.

ಮಾರ್ಚ್ ೨೮, ಶುಕ್ರವಾರ

ಬಿಲ್ಲೆಗಳು ಬಂದವು. ನನ್ನೆದುರು ಇಟ್ಟು ತಮ್ಮ ಅತ್ತ ತಿರುಗಿಕೊಂಡ. ನಾನು ಒತ್ತಿದೆ. ಮೊದಲಿನ ಹಾಗೇ, ಗೋಡೆಯ ಆಚೆಯ ಮಾತು.

"ಏಯ್ ಮೀಟರ್ ರಾಣಿ, ಇಲ್ಲಿ ಬಾ" ಎಂದೆ. "ನಾನು ಒತ್ತಿದ್ದರ ಮೇಲೆ ನೀನೂ ಒತ್ತು. ಗಟ್ಟಿಯಾಗಿ ಓದು, ಗೊಣಗಬೇಡ."

"ಎಪ್ಪತ್ತೆರಡು ಅತ್ತಿಗೆ."

"ನಾನೂ ಅದೇ ಅಂದ್ಕೊಂಡೆ. ಮುಂದಿನದು?"

"ಎಂಬತ್ತೈದು."

"ಹೂಂ, ಅದೂ ಅದೇ ಅಂದ್ಕೊಂಡೆ."

"ಇದು ಎಪ್ಪತ್ತೈದು ಅತ್ತಿಗೆ. ನೀವು ಇದೂ ಅದೇ ಅಂದ್ಕೊಂಡ್ರಾ?"

"ಬಾಯಿ ಜಾಸ್ತಿ ಆಯ್ತು ನಿಂದು."

ಭಾರ ಹೊರುವ ಎರಡು ಮೌಂಟಿಗೆ ಎಪ್ಪತ್ತೈದು. ಎಂಜಿನ್ ತಿರುಚಿಕೊಳ್ಳುವುದನ್ನು ತಡೆಯುವ ಮೂರನೆಯದಕ್ಕೆ ಎಂಬತ್ತೈದು. ಹೀಗೆಂದು ಹೇಳಿದೆ. ಇಬ್ಬರೂ ಒಪ್ಪಿದರು. ಈ ಸಲ ತಮ್ಮ ಬರೀ ಆಯ್ತಕ್ಕ ಎನ್ನಲಿಲ್ಲ. ಮೂರನೆಯದಕ್ಕೆ ತೊಂಬತ್ತು ಮಾಡೋಣ ಎಂದು ಅರ್ಧ ಗಂಟೆ ವಾದಿಸಿದ. ತಲೆ ತಿಂದ. ಎಂಬತ್ತೈದೇ ಎಂದೆ.

ಮೊದಲ ಎರಡನ್ನೂ ಹೊಯ್ಯುವಾಗ ಪಂಪಿನ ಪಕ್ಕದಲ್ಲೇ ಇದ್ದೆ. ಪಂಪನ್ನು ಚೆನ್ನಾಗಿ ಬೈದೆ.

ಏಪ್ರಿಲ್ ೧, ಮಂಗಳವಾರ

ನಿನ್ನೆ ಬಿ.ಪಿ. ತೋರಿಸಲು ಹೋಗಬೇಕಾಯಿತು. ಬರುವಷ್ಟರಲ್ಲಿ ತಮ್ಮ ಒಬ್ಬನೇ ಮೂರನೆಯದನ್ನು ಹೊಯ್ದು ಓವನ್ನಿಗೆ ಸೇರಿಸಿದ್ದ. ಇವತ್ತು ಅಚ್ಚು ಬಿಚ್ಚಿದ. "ಹೇಗಿದೆ ನೋಡು!" ಎಂದು ಎತ್ತಿ ತೋರಿಸಿದ. ಅಚ್ಚಿನಿಂದ ಉಕ್ಕಿ ಹೊರಗೆ ಗಟ್ಟಿಯಾದ ಚೂರನ್ನು ಕೊಯ್ದು ಬೆಳಕಿಗೆ ಹಿಡಿದೆ. ಗುಳ್ಳೆ. ಮೀಟರ್ ರಾಣಿ ನನ್ನ ಭುಜದ ಮೇಲಿಂದ ಇಣುಕಿದಳು. ಅವಳೂ ನೋಡಿದಳು.

"ಹೇಗಿದೆ ಅಕ್ಕ?"

"ಚೆನ್ನಾಗಿದೆ" ಎಂದೆ. ಚೂರನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೆ.

ಅವನು ಪಂಪು ಬಿಚ್ಚಿ ಹರಡಿಕೊಂಡು ಕೂತಿದ್ದಾನೆ. "ಇದಕ್ಕೆ ಏನೂ ಆಗಿಲ್ಲ ಅಕ್ಕ" ಎನ್ನುತ್ತಾನೆ. "ಆಗಿದೆ ಅಂದ್ರೆ ಆಗಿದೆ. ನಾಳೆ ಹೋಗಿ ಹೊಸ ವಾಷರ್ ತಗೊಂಡು ಬಾ" ಎಂದು ಊರಾಚೆಯ ದೊಡ್ಡ ಅಂಗಡಿಯ ಹೆಸರು ಹೇಳಿದೆ. ಹೋಗಿ ಬರಲು ಮಧ್ಯಾಹ್ನವಾಗುತ್ತದೆ. ಹಾಗೇ ಇನ್ನೊಂದು ಮಾತು ಹಾಕಿಟ್ಟೆ. ನನ್ನ ಕಣ್ಣು ಮಂಜಾಗಿದೆ, ಮುಂದಿನ ವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಒಬ್ಬಳಿಗೇ ಭಯ ಎಂದೆ. ಒಮ್ಮೆ ಅಲ್ಲಿ ಕುರ್ಚಿಯಲ್ಲಿ ಕೂರಿಸಿದರೆ ಮುಂದಿನದು ಡಾಕ್ಟರು ನೋಡಿಕೊಳ್ಳುತ್ತಾರೆ.

ಅವನು ಕೈ ತೊಳೆಯಲು ಹೋದಾಗ ಅವನ ಹೆಂಡತಿ ಹತ್ತಿರ ಬಂದಳು.

"ಅತ್ತಿಗೆ, ಪಂಪು ಸರಿಯಾಗೇ ಇದೆ ಅಲ್ವಾ?"

"ಮೆತ್ತಗೆ ಮಾತಾಡು. ನಾಳೆ ಅವನು ಹೋದ ತಕ್ಷಣ ನಾವಿಬ್ಬರೂ ಇನ್ನೊಂದು ಹೊಯ್ಯೋಣ. ಹಳೇ ವಾಷರೇ ಸಾಕು. ನಿನ್ನ ಗಂಡನಿಗೆ ಒಂದು ಮಾತೂ ಹೇಳಬೇಡ, ಕುಗ್ಗಿಹೋಗ್ತಾನೆ. ಹೊಯ್ಯೋದು ಬಿಟ್ರೆ ಅವನಿಗೇನಿದೆ? ಅವನ ಕೋಪವೂ ನಿನಗೆ ಗೊತ್ತಲ್ಲ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು.

"ಯಾಕೆ ಹಲ್ಲು ಕಿರೀತೀಯ?"

"ಏನಿಲ್ಲ ಅತ್ತಿಗೆ."

ಇವಳಿಗೆ ಯಾವಾಗ ಯಾಕೆ ನಗು ಬರುತ್ತದೋ ತಿಳಿಯುವುದಿಲ್ಲ.

ಇವರಿಬ್ಬರೂ ನನಗೆ ಮಾಡಿದ್ದನ್ನು ಮಾತ್ರ ನಾನು ಸಾಯುವ ತನಕ ಕ್ಷಮಿಸುವುದಿಲ್ಲ. ಒಡಹುಟ್ಟಿದವರು ಎಂದ ಮೇಲೆ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡಬೇಕು. ಬೆನ್ನ ಹಿಂದೆ ಮಾಡಬಾರದು.

ನಾಳೆ ಅವನು ತಿರುಗಿ ಬರುವಷ್ಟರಲ್ಲಿ ಹೊಸದು ಓವನ್ನಿನಲ್ಲಿರಬೇಕು. ಗುಳ್ಳೆ ಬಿದ್ದದ್ದನ್ನು ಡ್ರಮ್ಮಿನ ತಳಕ್ಕೆ ತುರುಕಿ ಮೇಲೆ ಚಿಂದಿ ಮುಚ್ಚಬೇಕು. ಮೇಲ್ಗಡೆಯೇ ಎಸೆದು ಸಿಕ್ಕಿಬೀಳುವಷ್ಟು ದಡ್ಡಿ ನಾನಲ್ಲ.